ಬಿಸಿಲಿಗೂ ಬ್ರೋಕರಿಗೂ ಸಿಗದೆ ಬ್ಯಾಂಕಾಕ್‌ನಲ್ಲಿ ನಾಲ್ಕು ದಿನ: ಕಡಿಮೆ ಖರ್ಚಿನವರಿಗೆ ಹಂತ ಹಂತದ ಮಾರ್ಗದರ್ಶಿ

ಬ್ಯಾಂಕಾಕ್‌ಗೆ ಮೊದಲ ಸಲ ಹೋಗಿ ಬಂದವರು ಹೇಳುವ ಕತೆ ಹೆಚ್ಚುಕಡಿಮೆ ಒಂದೇ. ಮಧ್ಯಾಹ್ನ ಹನ್ನೆರಡೂವರೆ, ಗ್ರ್ಯಾಂಡ್ ಪ್ಯಾಲೇಸ್ ಎಂಬ ಅರಮನೆಯ ಬಿಳಿ ಗೋಡೆಯ ಪಕ್ಕ ಬೆವರಿನಲ್ಲಿ ತೊಯ್ದು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಭ್ಯನೊಬ್ಬ ಬಂದು 'ಇವತ್ತು ಅರಮನೆ ಮುಚ್ಚಿದೆ' ಅಂದ. ಟುಕ್‌ಟುಕ್ (ಅಲ್ಲಿನ ಆಟೋ) ಹತ್ತಿಸಿದ. ಸಂಜೆ ಹೊತ್ತಿಗೆ, ಜನ್ಮದಲ್ಲಿ ಹಾಕದ ಸೂಟ್ ಒಂದಕ್ಕೆ ಅಡ್ವಾನ್ಸ್ ಕೊಟ್ಟಾಗಿತ್ತು. ನಗಬೇಡಿ, ನಾನೂ ಅದೇ ಗೋಡೆಯ ಪಕ್ಕ ನಿಂತವನೇ. ನನ್ನದು ಸೂಟಲ್ಲ, ನೀಲಿ ಕಲ್ಲಿನ ಉಂಗುರ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಒಂದು ವಿಷಯ ಕಂಡಿತು. ನನ್ನ ದುಡ್ಡು ಸೋರಿದ್ದೆಲ್ಲ ಬೆಳಗ್ಗೆ 11ರಿಂದ ಮಧ್ಯಾಹ್ನ 3:30ರ ಒಳಗೆ. ಬೆಳಗ್ಗೆ ಏಳಕ್ಕೆ ಇದೇ ಮನುಷ್ಯ ಬಂದು ಇದೇ ಮಾತು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೆತ್ತಿ ಕಾದಾಗ, ಕಾಲು ಸೋತಾಗ, ನೆರಳು ಕೊಡುವ ಯಾವ ವಾಹನವೂ ದೇವರ ರಥದಂತೆ ಕಾಣುತ್ತದೆ. ಹಾಗಾಗಿ ಇಲ್ಲಿ ಯಾವ ಜಾಗ ನೋಡಬೇಕು ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಎಲ್ಲಿರಬೇಕು ಎನ್ನುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳ ಕ್ರಮ ಬದಲಿಸಬೇಡಿ.

ಹೊರಡುವ ಮುನ್ನ: ಬ್ಯಾಗಿನಲ್ಲಿ, ಫೋನಿನಲ್ಲಿ

ಬ್ಯಾಗಿನಲ್ಲಿ ಇರಬೇಕಾದದ್ದು ಕಡಿಮೆ. ಆರೇಳು ಒಆರ್‌ಎಸ್ ಪೊಟ್ಟಣ, ಮಡಚುವ ಛತ್ರಿ (ಬಿಸಿಲಿಗೂ ಅದೇ, ಮಳೆಗೂ ಅದೇ), ಒಂದು ತೆಳು ಟವೆಲ್, ಕತ್ತಿಗೆ ಸುತ್ತಿಕೊಳ್ಳುವ ಶಾಲು. ಶಾಲು ಯಾಕೆಂದರೆ ಅಲ್ಲಿನ ಮಾಲ್ ಮತ್ತು ರೈಲಿನ ಎಸಿ ಕೊರೆಯುತ್ತದೆ. ಒದ್ದೆ ಬೆನ್ನಿನಲ್ಲಿ ಒಳಗೆ ಹೋಗಿ ಎರಡನೇ ದಿನವೇ ಗಂಟಲು ಕೆಡಿಸಿಕೊಂಡವರು ಬಹಳ. ಬಟ್ಟೆ ಹತ್ತಿಯದಿರಲಿ, ಮೊಣಕಾಲು ಮತ್ತು ಭುಜ ಮುಚ್ಚುವ ಒಂದು ಜೊತೆ ಕಡ್ಡಾಯ. ನಮ್ಮ ಹೆಣ್ಣುಮಕ್ಕಳ ಚೂಡಿದಾರ್‌ಗಿಂತ ಒಳ್ಳೆಯ ಬ್ಯಾಂಕಾಕ್ ಉಡುಪು ಇಲ್ಲ. ನಮ್ಮ ತೆಳು ಎರಡು ಪಿನ್ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಹಿಡಿಯುತ್ತದೆ. ದಪ್ಪ ಮೂರು ಪಿನ್‌ನದು ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ಇ-ಸಿಗರೇಟ್ ಇದ್ದರೆ ಮನೆಯಲ್ಲೇ ಬಿಡಿ, ಥಾಯ್ಲೆಂಡ್‌ನಲ್ಲಿ ಅದು ಕಾನೂನುಬಾಹಿರ.

ಕಾಗದಪತ್ರದಲ್ಲಿ ಜನ ಎಡವುವುದು ಡಿಜಿಟಲ್ ಆಗಮನ ಪತ್ರದಲ್ಲಿ. 2025ರ ಮೇ 1ರಿಂದ ಇದು ಕಡ್ಡಾಯ. ಅಲ್ಲಿಗೆ ತಲುಪುವ ದಿನಕ್ಕೆ ಮುಂಚಿನ ಮೂರು ದಿನದ ಒಳಗೆ ಥಾಯ್ ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಬೇಕು, ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಕೆಲವು ಜಾಲತಾಣಗಳು ಇದಕ್ಕೂ ಶುಲ್ಕ ಕೇಳುತ್ತವೆ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ, ಅಷ್ಟೆ. ಭಾರತೀಯರಿಗೆ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ದಿನವೇ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಮುದ್ರಿಸಿ ಕೈಯಲ್ಲಿಡಿ.

ಫೋನಿನಲ್ಲಿ: ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಳಿಸಿಕೊಳ್ಳಿ. ಬಾಡಿಗೆ ವಾಹನ ಕರೆಸುವ ಗ್ರ್ಯಾಬ್ ಮತ್ತು ಬೋಲ್ಟ್ ಆ್ಯಪ್‌ಗಳನ್ನು ಊರಿನಲ್ಲೇ ಹಾಕಿ, ಒಟಿಪಿ ಬರುವುದು ಇಲ್ಲಿನ ನಂಬರಿಗೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಆನ್ ಮಾಡಿ. ಈ ಎರಡನೆಯದನ್ನು ಮರೆತವರೇ ಮೆಟ್ರೋ ಗೇಟಿನ ಮುಂದೆ ನಿಂತು ಹಿಂದಿನವರ ನಿಟ್ಟುಸಿರು ಕೇಳುವುದು.

ಹಂತ 1: ತಿಂಗಳು ಆರಿಸಿ, ಆಮೇಲೆ ಹಾಸಿಗೆ ಆರಿಸಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಸೆಕೆ ಸ್ವಲ್ಪ ತಗ್ಗಿರುತ್ತದೆ, ಬೆಲೆ ಏರಿರುತ್ತದೆ. ಏಪ್ರಿಲ್ ಅತಿ ಕೆಟ್ಟದ್ದು. 13ರಿಂದ 15ರವರೆಗೆ ಥಾಯ್ ಹೊಸವರ್ಷದ ಸೋಂಗ್‌ಕ್ರಾನ್ ನೀರಾಟವಿರುವುದರಿಂದ ಆ ಮೂರು ದಿನ ಮಾತ್ರ ಸಹ್ಯ. ಮೇನಿಂದ ಅಕ್ಟೋಬರ್ ಮಳೆಗಾಲ. ನನ್ನ ಮಟ್ಟಿಗೆ ಜಿಪುಣರಿಗೆ ಜೂನ್, ಜುಲೈ ಚೆನ್ನ. ಮಳೆ ಒಂದೆರಡು ಗಂಟೆ ಸುರಿದು ನಿಲ್ಲುವುದೇ ಹೆಚ್ಚು, ಕೋಣೆ ಅಗ್ಗ.

ಸೆಕೆಯ ಬಗ್ಗೆ ಒಂದು ಮಾತು. ರಾಯಚೂರು, ಕಲಬುರಗಿಯವರು 'ನಮಗೇನು ಬಿಸಿಲು ಹೊಸದೇ' ಎಂದು ಹೋಗಿ ಸೋಲುತ್ತಾರೆ. ಇದು ಆ ಒಣ ಬಿಸಿಲಲ್ಲ. ಬೆವರು ಆರುವುದೇ ಇಲ್ಲ, ಮೈಮೇಲೆ ಅಂಟಿಕೊಂಡೇ ಇರುತ್ತದೆ. ಮಳೆ ಬಾರದ ಮೇ ತಿಂಗಳಲ್ಲಿ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಇದರ ರುಚಿ ಗೊತ್ತು. ಬೆಂಗಳೂರಿನವರಂತೂ ಮೊದಲ ದಿನ ಅರ್ಧ ವೇಗದಲ್ಲಿ ನಡೆಯಬೇಕು.

ಹಾಸಿಗೆಗೆ ನನ್ನದು ಒಂದೇ ನಿಯಮ: ರೈಲು ನಿಲ್ದಾಣದಿಂದ 500 ಮೀಟರ್ ಒಳಗೆ. ಖಾವ್ ಸಾನ್ ರಸ್ತೆ ಬೆನ್ನುಚೀಲದ ಪ್ರವಾಸಿಗರ ಅಡ್ಡೆ, ಅಗ್ಗವೂ ಹೌದು. ಆದರೆ ಹತ್ತಿರದಲ್ಲಿ ಮೆಟ್ರೋ ಇಲ್ಲ, ರಾತ್ರಿಯಿಡೀ ಡಿಜೆ. ಉಳಿಸಿದ ನೂರು ಬಾತ್ (ಅಲ್ಲಿನ ದುಡ್ಡು) ಎರಡು ಟ್ಯಾಕ್ಸಿಗೆ ಹೋಗುತ್ತದೆ. ಫಯಾ ಥಾಯ್, ರಾಚಥೇವಿ, ಹುವಾ ಲಂಫೋಂಗ್, ವಾಟ್ ಮಂಗ್‌ಕೋನ್ ನಿಲ್ದಾಣಗಳ ಆಸುಪಾಸು ಹುಡುಕಿ. ಹಾಸ್ಟೆಲ್‌ನ ಡಾರ್ಮಿಟರಿ ಹಾಸಿಗೆ 300ರಿಂದ 600 ಬಾತ್‌ಗೆ ಸಿಗುತ್ತದೆ. ಬುಕ್ ಮಾಡುವಾಗ ಎರಡು ಸಂಗತಿ ನೋಡಿ: ಎಸಿ ದಿನವಿಡೀ ಇರುತ್ತದೆಯೇ, ಬರೀ ರಾತ್ರಿಯೇ? ಚೆಕ್-ಇನ್‌ಗೆ ಮುಂಚೆ ಬ್ಯಾಗ್ ಇಟ್ಟು ಸ್ನಾನ ಮಾಡಲು ಬಿಡುತ್ತಾರೆಯೇ? ಎರಡನೆಯದು ಯಾಕೆ ಮುಖ್ಯ ಎಂದು ಹಂತ 3ರಲ್ಲಿ ತಿಳಿಯುತ್ತದೆ.

ವಿಳಾಸ ಓದುವ ಕಲೆಯೂ ಇಲ್ಲೇ ಕಲಿಯಿರಿ. ದೊಡ್ಡ ರಸ್ತೆಯಿಂದ ಒಡೆಯುವ ಅಡ್ಡರಸ್ತೆಗೆ 'ಸೋಯ್' ಎನ್ನುತ್ತಾರೆ. ಬೆಸ ಸಂಖ್ಯೆಗಳು ಒಂದು ಬದಿ, ಸಮ ಸಂಖ್ಯೆಗಳು ಇನ್ನೊಂದು ಬದಿ. ಆದರೆ ಎರಡೂ ಬದಿ ಜೊತೆಜೊತೆಗೆ ಓಡುವುದಿಲ್ಲ. ಸುಖುಮ್‌ವಿತ್ ರಸ್ತೆಯಲ್ಲಿ ಸೋಯ್ 55ರ ಎದುರಿಗೆ ಇರುವುದು 56 ಅಲ್ಲ, 38! ಇದು ಗೊತ್ತಿಲ್ಲದೆ ಲಗೇಜ್ ಎಳೆದುಕೊಂಡು ಒಂದೂವರೆ ಕಿಲೋಮೀಟರ್ ನಡೆದವರನ್ನು ಬಲ್ಲೆ.

ಹಂತ 2: ಇಳಿದ ಮೊದಲ ಒಂದು ಗಂಟೆ

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ: ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್. ನಿಮ್ಮದು ಯಾವುದೆಂದು ಟಿಕೆಟ್‌ನಲ್ಲಿ ಓದಿ. ಸುವರ್ಣಭೂಮಿಯನ್ನು ಅವರು 'ಸುವನ್ನಫೂಮ್' ಎನ್ನುತ್ತಾರೆ. ನೀವು ಶುದ್ಧ ಸಂಸ್ಕೃತದಲ್ಲಿ ಉಚ್ಚರಿಸಿದರೆ ಟ್ಯಾಕ್ಸಿಯವನಿಗೆ ತಿಳಿಯದು. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ.

ಇಲ್ಲಿಂದ ಮುಂದೆ ಹೇಳುವುದು ಸುವರ್ಣಭೂಮಿಯ ಕ್ರಮ. ವಲಸೆ ಮುಗಿಸಿ ಹೊರಗೆ ಬಂದ ಕೂಡಲೇ ಕಾಣುವ ಹಣ ವಿನಿಮಯ ಕೌಂಟರುಗಳನ್ನು ದಾಟಿಹೋಗಿ. ನೆಲಮಹಡಿಗೂ ಕೆಳಗೆ, ರೈಲಿನ ಪ್ರವೇಶದ ಪಕ್ಕ ಇರುವ ಸಣ್ಣ ಕೌಂಟರುಗಳ ದರ ಎದ್ದು ಕಾಣುವಷ್ಟು ಚೆನ್ನಾಗಿರುತ್ತದೆ. ರೂಪಾಯಿಯನ್ನೂ ಕೊಳ್ಳುತ್ತಾರೆ, ಆದರೆ ಡಾಲರ್‌ಗೆ ಸಿಗುವ ಮರ್ಯಾದೆ ಅದಕ್ಕಿಲ್ಲ. ಎಟಿಎಂ ಬಳಸುವುದಾದರೆ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಮೇಲೆ ಶುಲ್ಕ ಬೀಳುತ್ತದೆ. ಹಾಗಾಗಿ ಚೂರುಚೂರು ತೆಗೆಯುವುದು ನಷ್ಟ. 'ರೂಪಾಯಿಯಲ್ಲಿ ಕಡಿತಗೊಳಿಸಲೇ?' ಎಂದು ಯಂತ್ರ ಅಕ್ಕರೆಯಿಂದ ಕೇಳಿದರೆ ಬೇಡ ಎನ್ನಿ, ಬಾತ್‌ನಲ್ಲೇ ಇರಲಿ. ನಮ್ಮ ಯುಪಿಐ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಗಾಡಿಯಂಗಡಿಗಳಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ, ಆದರೆ ಅದು ಹೆಚ್ಚಾಗಿ ಥಾಯ್ ಬ್ಯಾಂಕ್ ಖಾತೆ ಇರುವವರಿಗೆ. ನಿಮಗೆ ನಗದೇ ಗತಿ. ಲೆಕ್ಕಕ್ಕೆ ಬಾತ್ ಅನ್ನು ಮೂರರಿಂದ ಗುಣಿಸಿ. ಸ್ವಲ್ಪ ಜಾಸ್ತಿಯೇ ಬಂದರೂ ಕೈ ಬಿಗಿಯಾಗಿರಲು ಅದೇ ಒಳ್ಳೆಯದು.

ಆಮೇಲೆ ರೈಲು. ಏರ್‌ಪೋರ್ಟ್ ರೈಲ್ ಲಿಂಕ್ ಬೆಳಗ್ಗೆ ಐದೂವರೆಯ ಹೊತ್ತಿಗೆ ಶುರುವಾಗಿ ಮಧ್ಯರಾತ್ರಿವರೆಗೆ ಓಡುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾತ್, ಅರ್ಧ ಗಂಟೆ. ಅಲ್ಲಿ ಬಿಟಿಎಸ್ ಮೇಲ್ಸೇತುವೆ ರೈಲು ಸಿಗುತ್ತದೆ. ಮಕ್ಕಾಸನ್‌ನಲ್ಲಿ ಇಳಿದರೆ ಪಾದಚಾರಿ ಸೇತುವೆ ದಾಟಿ ಫೆಚ್‌ಬುರಿ ಎಂಬ ಎಂಆರ್‌ಟಿ ಮೆಟ್ರೋ ನಿಲ್ದಾಣ. ಮೂರ್ನಾಲ್ಕು ಜನ, ದೊಡ್ಡ ಲಗೇಜ್ ಇದ್ದರೆ ಟ್ಯಾಕ್ಸಿಯೇ ಸರಿ: ಒಂದನೇ ಮಹಡಿಯ ಅಧಿಕೃತ ಸಾಲಿನಲ್ಲಿ ಯಂತ್ರದಿಂದ ಚೀಟಿ ತೆಗೆದುಕೊಳ್ಳಿ, ಮೀಟರ್‌ನ ಮೇಲೆ 50 ಬಾತ್ ವಿಮಾನ ನಿಲ್ದಾಣದ ಶುಲ್ಕ, ಟೋಲ್ ಬೇರೆ. ಆ ಚೀಟಿಯನ್ನು ಚಾಲಕನಿಗೆ ಕೊಡಬೇಡಿ. ದೂರು ಕೊಡಲು ನಿಮ್ಮಲ್ಲಿರುವ ಏಕೈಕ ಆಧಾರ ಅದು.

ಹಂತ 3: ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗಿನ ಬಲೆ

ಬೆಂಗಳೂರಿನಿಂದ ಅಗ್ಗದ ವಿಮಾನಗಳು ಹೊರಡುವುದು ಹೆಚ್ಚಾಗಿ ರಾತ್ರಿ. ನಾಲ್ಕು ಗಂಟೆಯೊಳಗಿನ ಹಾರಾಟ, ಜೊತೆಗೆ ಒಂದೂವರೆ ಗಂಟೆ ಗಡಿಯಾರದ ಜಿಗಿತ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬ್ಯಾಂಕಾಕ್‌ನಲ್ಲಿ ಬೆಳಗ್ಗೆ. ಹೋಟೆಲ್ ಚೆಕ್-ಇನ್ ಮಧ್ಯಾಹ್ನ 2ಕ್ಕೆ. ನಿದ್ದೆಗೆಟ್ಟ ಎಂಟು ಗಂಟೆ ಬೀದಿಯಲ್ಲಿ. ಮೊದಲ ದಿನವೇ ಮೋಸ ಹೋಗುವವರು ಇಷ್ಟೊಂದು ಯಾಕೆಂದು ಈಗ ಅರ್ಥವಾಗುತ್ತದೆ.

ಈ ಕ್ರಮ ಪಾಲಿಸಿ. ಮೊದಲು ಹಾಸ್ಟೆಲ್‌ಗೆ ಹೋಗಿ ಬ್ಯಾಗ್ ಇಡಿ, ಮುಖ ತೊಳೆಯಿರಿ, ಬಟ್ಟೆ ಬದಲಿಸಿ. ಎರಡನೆಯದು, ಹೊಟ್ಟೆಗೆ ಏನಾದರೂ. ಮೂರನೆಯದು, ಲುಂಫಿನಿ ಉದ್ಯಾನ: ಸೀಲೋಮ್ ಅಥವಾ ಲುಂಫಿನಿ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಎದುರಿಗೇ. ಪ್ರವೇಶ ಉಚಿತ, ಮರದ ನೆರಳು ಧಾರಾಳ, ಕೆರೆಯ ದಡದಲ್ಲಿ ಆಳುದ್ದದ ಉಡಗಳು ನಮ್ಮ ಬೀದಿನಾಯಿಗಳಷ್ಟೇ ನಿರಾಳವಾಗಿ ತಿರುಗುತ್ತಿರುತ್ತವೆ. ಅವುಗಳ ಪಾಡಿಗೆ ಬಿಡಿ. ಎಂಟು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ, ಓಡುತ್ತಿದ್ದವರೂ ನಿಂತುಬಿಡುತ್ತಾರೆ. ನೀವೂ ನಿಲ್ಲಿ. ಸಂಜೆ ಆರಕ್ಕೂ ಹೀಗೆಯೇ.

ಹತ್ತು ಗಂಟೆಗೆ ಬಿಟಿಎಸ್ ಹಿಡಿದು ನ್ಯಾಷನಲ್ ಸ್ಟೇಡಿಯಂ ನಿಲ್ದಾಣಕ್ಕೆ ಹೋಗಿ. ಅದಕ್ಕೆ ಅಂಟಿಕೊಂಡಂತೆ ಬ್ಯಾಂಕಾಕ್ ಕಲೆ ಮತ್ತು ಸಂಸ್ಕೃತಿ ಕೇಂದ್ರವಿದೆ. ಪ್ರವೇಶ ಉಚಿತ, ಎಸಿ ಉಂಟು, ಸೋಮವಾರ ರಜೆ. ಪಕ್ಕದಲ್ಲೇ ಎಂಬಿಕೆ ಮಾಲ್, ಅದರ ಫುಡ್ ಕೋರ್ಟಿನಲ್ಲಿ ಊಟ. ಎರಡಕ್ಕೆ ಕೋಣೆಗೆ ಹೋಗಿ ಎರಡು ಗಂಟೆ ಮಲಗಿ. ಮೊದಲ ದಿನ ಅರಮನೆ, ದೇವಸ್ಥಾನ ಯಾವುದೂ ಬೇಡ. 'ಒಂದು ದಿನ ವ್ಯರ್ಥವಾಯಿತಲ್ಲ' ಎಂದು ಕೊರಗುವವರು ನನ್ನ ಉಂಗುರದ ಬೆಲೆ ಕೇಳಿ.

ಹಂತ 4: ದಿನವನ್ನು ಮೂರು ತುಂಡು ಮಾಡಿ

ಎರಡನೇ ದಿನದಿಂದ ಪ್ರತಿದಿನ ಇದೇ ವೇಳಾಪಟ್ಟಿ. 6:30ರಿಂದ 11ರವರೆಗೆ ಬಯಲು. 11ರಿಂದ 3:30ರವರೆಗೆ ಚಾವಣಿ. 4ರಿಂದ ರಾತ್ರಿಯವರೆಗೆ ನದಿ ಮತ್ತು ಬೀದಿ.

ಅರಮನೆಯ ದಿನ ಹೀಗೆ. ನೀಲಿ ಮಾರ್ಗದ ಎಂಆರ್‌ಟಿಯಲ್ಲಿ ಸನಾಮ್ ಚಾಯ್ ನಿಲ್ದಾಣದಲ್ಲಿ ಇಳಿಯಿರಿ. ಅರಮನೆಯ ದ್ವಾರಕ್ಕೆ ಇಪ್ಪತ್ತು ನಿಮಿಷದೊಳಗಿನ ನಡಿಗೆ, ಟುಕ್‌ಟುಕ್ ಅಗತ್ಯವೇ ಇಲ್ಲ. 8:30ಕ್ಕೆ ಬಾಗಿಲು ತೆಗೆಯುತ್ತಾರೆ, ನೀವು 8:15ಕ್ಕೆ ಅಲ್ಲಿರಿ. ಆಮೇಲೆ ಬಸ್ಸುಗಟ್ಟಲೆ ಗುಂಪುಗಳು ಬಂದಿಳಿಯುತ್ತವೆ. ಟಿಕೆಟ್ 500 ಬಾತ್. ತೋಳಿಲ್ಲದ ಅಂಗಿ, ಚಡ್ಡಿ, ಮಂಡಿಯಲ್ಲಿ ಹರಿದ ಜೀನ್ಸ್ ಇದ್ದರೆ ಒಳಗೆ ಬಿಡುವುದಿಲ್ಲ. ಹತ್ತೂವರೆಗೆ ಹೊರಬಂದು ವಾಟ್ ಫೋ ದೇವಾಲಯಕ್ಕೆ ನಡೆಯಿರಿ, 300 ಬಾತ್. 46 ಮೀಟರ್ ಉದ್ದದ ಮಲಗಿದ ಬುದ್ಧ ಇರುವುದು ಮಂಟಪದೊಳಗೆ, ಹಾಗಾಗಿ ಆ ಹೊತ್ತಿಗೆ ಅದು ಸರಿ. ಹನ್ನೊಂದೂವರೆಗೆ ಮತ್ತೆ ಮೆಟ್ರೋದೊಳಗೆ ಇಳಿದುಬಿಡಿ. ನದಿಯಾಚೆಯ ವಾಟ್ ಅರುಣ್‌ಗೆ ಬೇರೆ ದಿನ ಬೆಳಗ್ಗೆ ಹೋಗಿ: ಥಾ ತಿಯೆನ್ ಕಡವಿನಿಂದ ದಾಟು ದೋಣಿಗೆ 5 ಬಾತ್, ಒಳಗೆ 200 ಬಾತ್. ಅದರ ಮೆಟ್ಟಿಲುಗಳು ಕಡಿದು, ನೆರಳು ಚೂರೂ ಇಲ್ಲ. ಮೂರನ್ನೂ ಒಂದೇ ದಿನಕ್ಕೆ ತುರುಕುವುದೇ ಇಲ್ಲಿನ ಅತಿ ಸಾಮಾನ್ಯ ತಪ್ಪು.

ಮೂರೂ ಟಿಕೆಟ್ ಸೇರಿ 1,000 ಬಾತ್ ಆಯಿತು. ದುಡ್ಡು ಸಾಲದವರು ಅರಮನೆ ಬಿಟ್ಟು ಉಳಿದೆರಡು ನೋಡಿದರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅರಮನೆಯಲ್ಲಿ ಅರ್ಧ ಹೊತ್ತು ಪರರ ಸೆಲ್ಫಿ ಕೋಲು ತಪ್ಪಿಸುವುದೇ ಕೆಲಸ.

ಮಧ್ಯಾಹ್ನದ ತುಂಡಿಗೆ ಮಾಲ್, ಫುಡ್ ಕೋರ್ಟ್, ನಿದ್ದೆ, ಬಟ್ಟೆ ಒಗೆಯುವುದು. ನಾಚಿಕೆ ಬೇಡ, ಊರಿನವರೂ ಆ ಹೊತ್ತಿನಲ್ಲಿ ನೆರಳಲ್ಲೇ ಇರುತ್ತಾರೆ. ಸಂಜೆಗೆ ನದಿ ದೋಣಿ, ಯಾವರಾಟ್‌ನ ಚೀನೀ ಬೀದಿ, ಅಥವಾ ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆ. ಈ ಹೂವಿನ ಮಾರುಕಟ್ಟೆಗೆ ರಾತ್ರಿಯೇ ಜೀವ. ಚೆಂಡುಹೂವಿನ ರಾಶಿ, ಮಲ್ಲಿಗೆ ಮೊಗ್ಗಿನ ಸಣ್ಣ ಹಾರಗಳು, ಸುಮ್ಮನೆ ನಡೆದರೂ ಸಾಕು. ಚತುಚಕ್ ಸಂತೆ ಶನಿವಾರ, ಭಾನುವಾರ ಮಾತ್ರ ಪೂರ್ತಿ ತೆರೆದಿರುತ್ತದೆ, ತಗಡಿನ ಚಾವಣಿಯ ಕೆಳಗೆ. ಒಂಬತ್ತಕ್ಕೆ ಹೋಗಿ ಹನ್ನೊಂದಕ್ಕೆ ಹೊರಗೆ ಬನ್ನಿ. ಮಧ್ಯಾಹ್ನ ಒಂದಕ್ಕೆ ಅಲ್ಲಿ ಹೋಗುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ.

ಹಂತ 5: ಓಡಾಟದ ಕ್ರಮ — ಮೊದಲು ರೈಲು, ಆಮೇಲೆ ದೋಣಿ, ಕೊನೆಗೆ ಚಕ್ರ

ಬಿಟಿಎಸ್ ಮೇಲೆ ಓಡುವ ರೈಲು, ಎಂಆರ್‌ಟಿಯ ನೀಲಿ ಮಾರ್ಗ ನಗರದ ನಡುವೆ ನೆಲದಡಿಯದು. ಎರಡೂ ಬೇರೆ ಬೇರೆ ವ್ಯವಸ್ಥೆ, ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯದು. ಎಂಆರ್‌ಟಿ ಗೇಟಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ನೇರ ತಾಗಿಸಬಹುದು. ಒಂದು ಕಾರ್ಡು ಒಬ್ಬರಿಗೆ ಮಾತ್ರ. ಒಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ಸಂಜೆ 5ರಿಂದ 7 ಸಿಯಾಮ್ ನಿಲ್ದಾಣವನ್ನು ತಪ್ಪಿಸಿ.

ದೋಣಿಗೆ ಸಫಾನ್ ತಾಕ್ಸಿನ್ ಬಿಟಿಎಸ್ ನಿಲ್ದಾಣದ ಕೆಳಗಿನ ಸಾಥೋನ್ ಕಡವು. ಅಲ್ಲಿ ಮೇಜು ಹಾಕಿಕೊಂಡು ಪ್ರವಾಸಿ ದೋಣಿಯ ದಿನದ ಪಾಸ್ ಮಾರುತ್ತಾರೆ, 150 ಬಾತ್. ನಿಮಗೆ ಬೇಕಾದದ್ದು ಕಿತ್ತಳೆ ಬಾವುಟದ ದೋಣಿ: ಎಲ್ಲಿಗೆ ಇಳಿದರೂ 16 ಬಾತ್. ಹತ್ತಿ ಕೂತರೆ ಲೋಹದ ಉದ್ದನೆಯ ಡಬ್ಬಿ ಕಟಕಟ ಅನಿಸುತ್ತಾ ಕಂಡಕ್ಟರ್ ಬರುತ್ತಾರೆ. ಚಿಲ್ಲರೆ ಕೈಯಲ್ಲಿಡಿ, ಭಿಕ್ಷುಗಳಿಗೆಂದು ಮೀಸಲಾದ ಜಾಗದಲ್ಲಿ ಕೂರಬೇಡಿ. ದೋಣಿ ಕಡವಿನಲ್ಲಿ ನಿಲ್ಲುವುದು ಅರೆಗಳಿಗೆ. ನಮ್ಮ ಸಿಟಿ ಬಸ್ ಹತ್ತಿ ಇಳಿದು ಪಳಗಿದವರಿಗೆ ಅದೇನೂ ಕಷ್ಟವಲ್ಲ.

ಸೇನ್ ಸೇಬ್ ಕಾಲುವೆಯ ದೋಣಿಯೂ ಇದೆ, 20 ಬಾತ್ ಆಸುಪಾಸು. ರಸ್ತೆಯಲ್ಲಿ ವಾಹನ ಅಲ್ಲಾಡದ ಹೊತ್ತಿನಲ್ಲಿ ಹಳೇ ನಗರದಿಂದ ಪ್ರತೂನಾಮ್ ಮಾರುಕಟ್ಟೆಯ ಕಡೆಗೆ ಇದಕ್ಕಿಂತ ವೇಗದ ದಾರಿಯಿಲ್ಲ. ಕಾಲುವೆಯ ನೀರು ಕಪ್ಪು, ಎದುರು ದೋಣಿ ಬಂದಾಗ ಎರಚುತ್ತದೆ. ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲ್ ಮೇಲೇರಿಸಬೇಕು, ಅದು ಅವರ ಡ್ಯೂಟಿ. ಬಾಯಿ ಮುಚ್ಚಿಕೊಂಡು ಕೂರಿ. ಅಕ್ಷರಶಃ ಹೇಳುತ್ತಿದ್ದೇನೆ.

ಟ್ಯಾಕ್ಸಿ ಮೀಟರ್ 35 ಬಾತ್‌ನಿಂದ ಶುರು. ಬಾಗಿಲು ತೆಗೆದು ಹತ್ತುವ ಮುನ್ನವೇ 'ಮೀಟರ್?' ಎಂದು ಕೇಳಿ. ತಲೆ ಅಲ್ಲಾಡಿಸಿದರೆ ಮುಂದಿನದು. ನಿಂತಿರುವ ಟ್ಯಾಕ್ಸಿ ಬೇಡ, ಓಡುತ್ತಿರುವುದನ್ನು ಕೈ ತೋರಿಸಿ ನಿಲ್ಲಿಸಿ. ಮಧ್ಯಾಹ್ನ ಮೂರರಿಂದ ಐದರ ನಡುವೆ ಚಾಲಕರ ಪಾಳಿ ಬದಲು, ನಿಮ್ಮ ದಿಕ್ಕಿಗೆ ಬರಲೊಲ್ಲರು. ಆಗ ಆ್ಯಪ್ ತೆರೆಯಿರಿ. ಕಿತ್ತಳೆ ಜಾಕೆಟ್‌ನ ಬೈಕ್ ಟ್ಯಾಕ್ಸಿ ಸೋಯ್ ಒಳಗಿನ ಒಂದೆರಡು ಕಿಲೋಮೀಟರ್‌ಗೆ ಮಾತ್ರ, ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಟುಕ್‌ಟುಕ್ ಒಮ್ಮೆ ಖುಷಿಗೆ ಹತ್ತಬಹುದು, ಸಂಜೆ ಮಾತ್ರ, ದರ ಮೊದಲೇ ಗೊತ್ತುಮಾಡಿ.

ಹಂತ 6: ಸಸ್ಯಾಹಾರಿಗಳು ಊಟ ಹುಡುಕುವುದು

ಮಾಂಸ ತಿನ್ನುವವರಿಗೆ ಇಲ್ಲಿ ಸಮಸ್ಯೆಯೇ ಇಲ್ಲ, 50ರಿಂದ 80 ಬಾತ್‌ಗೆ ಬೀದಿಬದಿ ಹೊಟ್ಟೆ ತುಂಬುತ್ತದೆ. ಜನ ಸಾಲುಗಟ್ಟಿದ, ಎದುರಿಗೇ ಬಿಸಿಬಿಸಿ ಮಾಡಿಕೊಡುವ ಗಾಡಿ ನೋಡಿ ಸಾಕು. ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯದು, ಹೆದರಬೇಕಿಲ್ಲ.

ಸಸ್ಯಾಹಾರಿಗಳ ಕತೆ ಬೇರೆ. 'ವೆಜಿಟೇರಿಯನ್' ಎಂದು ಕೇಳಿ, 'ಯಸ್ ಯಸ್' ಎನ್ನಿಸಿಕೊಂಡು ತಿಂದ ಪಾಡ್ ಥಾಯ್ ನೂಡಲ್ಸ್‌ನಲ್ಲಿ ಸೀಗಡಿ ಮಾತ್ರ ತೆಗೆದಿರುತ್ತಾರೆ. ಮೀನಿನ ಸಾಸ್ ಹಾಗೇ ಇರುತ್ತದೆ. ಅವರು ಮೋಸ ಮಾಡಿದ್ದಲ್ಲ. ಅವರ ಲೆಕ್ಕದಲ್ಲಿ ಅದು ಉಪ್ಪು.

ನೆನಪಿಡಬೇಕಾದ ಶತ್ರುಗಳು ನಾಲ್ಕು. ಮೀನಿನ ಸಾಸ್ 'ನಮ್ ಪ್ಲಾ'. ಸಿಂಪಿಯ ಸಾಸ್ 'ನಮ್ ಮನ್ ಹೊಯ್', ಸೊಪ್ಪಿನ ಪಲ್ಯದಲ್ಲಿ ಅಡಗಿರುತ್ತದೆ. ಒಣ ಸೀಗಡಿ 'ಕುಂಗ್ ಹೇಂಗ್', ಪರಂಗಿಕಾಯಿ ಕೋಸಂಬರಿಯಲ್ಲಿ. ಸೀಗಡಿಯ ಹುಳಿಹಿಟ್ಟು 'ಕಪಿ', ಬಹುತೇಕ ಎಲ್ಲ ಬಣ್ಣದ ಥಾಯ್ ಕರಿಗಳ (ಸಾರುಗಳ) ಮಸಾಲೆಯಲ್ಲಿ. ಹೆಸರಿಗೆ ತಕ್ಕ ಹಾಗೆ ಎಲ್ಲೆಂದರಲ್ಲಿ ಹಾರಿ ಕೂರುವ ಕಪಿ ಅದು.

ಮಿತ್ರ ಒಬ್ಬನೇ: 'ಜೇ'. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ, ದೂರದಿಂದ ನೋಡಿದರೆ ಇಂಗ್ಲಿಷ್ ಅಂಕಿಯ 17ರ ಹಾಗೆ ಕಾಣುತ್ತದೆ. ಜೇ ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಾಧ್ವ ಮನೆಯ ಅಜ್ಜಿಯರೂ ನಿಶ್ಚಿಂತೆಯಿಂದ ತಿನ್ನಬಹುದು. ಜೈನರು ಮಾತ್ರ ಗಡ್ಡೆ ತರಕಾರಿ ಇದೆಯೇ ಎಂದು ಕೇಳಿಕೊಳ್ಳಬೇಕು. 'ಕಿನ್ ಜೇ' ಎಂದು ಹೇಳಿ, ಗಂಡಸರು ಕೊನೆಗೆ 'ಖ್ರಾಪ್' ಸೇರಿಸಿ, ಹೆಂಗಸರು 'ಖಾ'. ಇನ್ನೊಂದು ಪದ 'ಮಂಗ್‌ಸವಿರತ್', ಕಿವಿಗೊಟ್ಟು ಕೇಳಿದರೆ ನಮ್ಮ ಮಾಂಸವಿರತಿಯೇ. ಆದರೆ ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆಗೆ 'ಖಾಯ್', ಕೋಳಿಗೆ 'ಗಾಯ್'. ನಮ್ಮ ನಾಲಿಗೆಗೆ ಎರಡೂ ಒಂದೇ, ಅವರ ಕಿವಿಗೆ ಅಲ್ಲ. ಹಾಗಾಗಿ 'ನಮ್ ಪ್ಲಾ, ಕಪಿ, ಮೊಟ್ಟೆ ಯಾವುದೂ ಬೇಡ' ಎಂಬ ವಾಕ್ಯವನ್ನು ಥಾಯ್ ಲಿಪಿಗೆ ಅನುವಾದಿಸಿ, ಸ್ಕ್ರೀನ್‌ಶಾಟ್ ಮಾಡಿ ತೋರಿಸುವುದೇ ಸುರಕ್ಷಿತ.

ಹಸಿದ ಮೇಲೆ ಹುಡುಕಬೇಡಿ. ಮಾಲ್‌ಗಳ ಫುಡ್ ಕೋರ್ಟುಗಳಲ್ಲಿ ಒಂದಾದರೂ ಜೇ ಅಂಗಡಿ ಇರುವುದೇ ಹೆಚ್ಚು. ಅಸೋಕ್ ನಿಲ್ದಾಣದ ಟರ್ಮಿನಲ್ 21 ಎಂಬ ಮಾಲ್‌ನ ಮೇಲ್ಮಹಡಿಯದು ಅಗ್ಗಕ್ಕೆ ಹೆಸರುವಾಸಿ. ಕೌಂಟರಿನಲ್ಲಿ ದುಡ್ಡು ಕಟ್ಟಿ ಕಾರ್ಡ್ ಪಡೆದು, ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ. ವಾಪಸ್ ಕೇಳಲು ಮರೆಯುವವರು ತುಂಬಾ. ರೊಟ್ಟಿ ದಾಲ್ ನೆನಪಾದರೆ ಭಾರತೀಯರ ಬೀದಿ ಫಾಹುರಾಟ್ ಇದೆ, ಅಲ್ಲಿನ ಗುರುದ್ವಾರದಲ್ಲಿ ಬೆಳಗ್ಗೆ ಲಂಗರ್ (ಉಚಿತ ಊಟ) ಉಂಟು, ತಲೆಗೆ ಬಟ್ಟೆ ಕಟ್ಟಿ ಹೋಗಿ. ಸೀಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯ ಸುತ್ತಲೂ ಇಡ್ಲಿ ದೋಸೆಯ ಹೋಟೆಲುಗಳಿವೆ. ಆದರೆ ಅವು ಬೀದಿಯೂಟದ ಬೆಲೆಗೆ ಸಿಗುವುದಿಲ್ಲ. ಮಾರ್ಚ್‌ನಿಂದ ಮೇ ಒಳಗೆ ಹೋದರೆ ಮಾವಿನಹಣ್ಣು, ಕಾಯಿಹಾಲಿನ ಅಂಟನ್ನ ಒಂದು ಹೊತ್ತಿನ ಊಟವೇ ಆದೀತು.

ಹಂತ 7: ಮೋಸದ ಮಾತು ಕೇಳಿದ ಕೂಡಲೇ ಗುರುತಿಸುವುದು

ಮಾತುಗಳು ವರ್ಷಗಳಿಂದ ಬದಲಾಗಿಲ್ಲ. 'ಇವತ್ತು ಮುಚ್ಚಿದೆ, ವಿಶೇಷ ಪೂಜೆ.' 'ಇವತ್ತು ಬುದ್ಧ ದಿನ, 20 ಬಾತ್‌ಗೆ ಇಡೀ ಊರು ತೋರಿಸ್ತೀನಿ.' 'ಸರ್ಕಾರಿ ರತ್ನದ ಅಂಗಡಿ, ಇವತ್ತೇ ಕೊನೆ ದಿನ.' ಊರಲ್ಲಿ ಮಾರಿದರೆ ದುಪ್ಪಟ್ಟು ಲಾಭ ಎಂದು ಸೇರಿಸಿದರಂತೂ ಸಂಶಯವೇ ಬೇಡ. ಅಂಗಡಿ ಹೊಕ್ಕರೆ ಚಾಲಕನಿಗೆ ಪೆಟ್ರೋಲ್ ಕೂಪನ್ ಅಥವಾ ಕಮಿಷನ್ ಸಿಗುತ್ತದೆ. 20 ಬಾತ್‌ನ ಗುಟ್ಟು ಅಷ್ಟೆ.

ಉತ್ತರ ಕೊಡಲು ನಿಲ್ಲಬೇಡಿ. ಮುಗುಳ್ನಕ್ಕು, ಟಿಕೆಟ್ ಕೌಂಟರ್ ಕಣ್ಣಿಗೆ ಬೀಳುವವರೆಗೆ ನಡೆಯಿರಿ. ಮುಚ್ಚಿದೆಯೋ ತೆರೆದಿದೆಯೋ ಹೇಳುವ ಅಧಿಕಾರ ಆ ಕೌಂಟರಿಗೆ ಮಾತ್ರ. ಪಾಸ್‌ಪೋರ್ಟನ್ನು ಬಾಡಿಗೆ ಬೈಕಿಗೆ ಒತ್ತೆ ಇಡಬೇಡಿ. ಜಗಳ ಹತ್ತಿದರೆ ಧ್ವನಿ ಏರಿಸಬೇಡಿ, ಅಲ್ಲಿ ಕೂಗಾಡಿದವನೇ ತಪ್ಪಿತಸ್ಥ. 1155ಕ್ಕೆ ಕರೆ ಮಾಡಿ: ಪ್ರವಾಸಿ ಪೊಲೀಸರು, ಇಂಗ್ಲಿಷ್ ಬರುತ್ತದೆ. ಆ ನಂಬರ್ ಒತ್ತಿ ಫೋನ್ ತೋರಿಸಿದರೇ ಎಷ್ಟೋ ವಾದ ಮುಗಿಯುತ್ತದೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ವರದಿ, ನಂತರ ಸುಖುಮ್‌ವಿತ್ ಸೋಯ್ 23ರಲ್ಲಿರುವ ಭಾರತೀಯ ರಾಯಭಾರ ಕಚೇರಿ.

ಹಂತ 8: ಮೈ ಕೊಡುವ ಎಚ್ಚರಿಕೆ

ಬಾಯಾರಿಕೆಯನ್ನಷ್ಟೇ ನಂಬಬೇಡಿ, ಸಿಡುಕೂ ಒಂದು ಸೂಚನೆ. ಜೊತೆಗಿದ್ದವರ ಮೇಲೆ ಕಾರಣವಿಲ್ಲದೆ ರೇಗಿದಿರೆಂದರೆ ನೀರು ಕಡಿಮೆಯಾಗಿರಬಹುದು, ಹತ್ತಿರದ ಸೆವೆನ್ ಇಲೆವೆನ್ ಹೊಕ್ಕಿ. ಎಲ್ಲ ಸೋಯ್ ಬಾಯಲ್ಲೂ ಒಂದಿದೆ. ಬರೀ ನೀರು ಸಾಲದು, ಉಪ್ಪೂ ಬೇಕು: ದಿನಕ್ಕೊಂದೆರಡು ಒಆರ್‌ಎಸ್. ತಂದದ್ದು ಮುಗಿದರೆ ಅದೇ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಂಡಿರಿ. ಬೆವರುಸಾಲೆಗೆ ಅಲ್ಲಿನ ತಣ್ಣನೆಯ ಪೌಡರ್ ಒಳ್ಳೆಯ ಮದ್ದು, ಮೆಂಥಾಲ್‌ನ ಝುಮ್ಮೆನ್ನುವ ಚಳಿ ಹತ್ತುತ್ತದೆ. ಮುಖಕ್ಕೆ ಹಾಕಬೇಡಿ, ಕಣ್ಣುರಿ.

ಎರಡನೇ ಮಟ್ಟ: ತಲೆನೋವು, ವಾಕರಿಕೆ, ಕಾಲಿನ ಸೆಳೆತ, ಬಳಬಳ ಬೆವರು, ಗಾಢ ಬಣ್ಣದ ಮೂತ್ರ. ಆ ದಿನದ ತಿರುಗಾಟ ಮುಗಿಯಿತು. ಎಸಿ ಇರುವಲ್ಲಿ ಮಲಗಿ, ಕಾಲು ಎತ್ತರಕ್ಕಿಡಿ, ಒದ್ದೆ ಟವೆಲ್ ಕತ್ತಿಗೆ, ಕಂಕುಳಿಗೆ ಇಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ಮೂರನೆಯದು ಅಪಾಯ: ಮಾತು ತೊದಲುವುದು, ಗೊಂದಲ, ಮೈ ಕೆಂಡವಾಗುವುದು, ಎಚ್ಚರ ತಪ್ಪುವುದು. ಬೆವರು ನಿಂತಿರಬಹುದು, ಇರಲೂಬಹುದು, ಅದಕ್ಕೆ ಕಾಯಬೇಡಿ. 1669ಕ್ಕೆ ಆಂಬುಲೆನ್ಸ್ ಕರೆ ಮಾಡಿ, ಅದು ಬರುವವರೆಗೆ ನೆರಳಿನಲ್ಲಿ ನೀರು ಸುರಿದು ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಖಾಸಗಿ ಆಸ್ಪತ್ರೆಯ ಬಿಲ್ ನಿಮ್ಮ ಇಡೀ ಪ್ರವಾಸದ ಖರ್ಚನ್ನು ಒಂದೇ ರಾತ್ರಿಯಲ್ಲಿ ದಾಟೀತು, ಪ್ರಯಾಣ ವಿಮೆಯಲ್ಲಿ ಉಳಿತಾಯ ಬೇಡ.

ಹಂತ 9: ವಾಪಸ್ ಹೊರಡುವ ದಿನ

ಯಾವ ವಿಮಾನ ನಿಲ್ದಾಣ ಎಂದು ಹಿಂದಿನ ರಾತ್ರಿಯೇ ಇನ್ನೊಮ್ಮೆ ನೋಡಿ. ಬಂದಿಳಿದದ್ದು ಡಾನ್ ಮುಯಾಂಗ್, ಹೊರಡುವುದು ಸುವರ್ಣಭೂಮಿ ಆಗಿರಬಹುದು. ಊರಿನ ಎರಡು ತುದಿ ಅವು. ಸಂಜೆಯ ಟ್ರಾಫಿಕ್‌ನಲ್ಲಿ ಟ್ಯಾಕ್ಸಿ ನಂಬಬೇಡಿ, ರೈಲು ಹಿಡಿಯಿರಿ. ಚೆಕ್-ಔಟ್ ಹನ್ನೊಂದಕ್ಕೆ, ವಿಮಾನ ರಾತ್ರಿ ಎಂದಾದರೆ ಬ್ಯಾಗ್ ಹಾಸ್ಟೆಲ್‌ನಲ್ಲೇ ಇಟ್ಟು ಮೊದಲ ದಿನದ ಮಾಲ್ ವಿದ್ಯೆಯನ್ನೇ ಮತ್ತೆ ಪ್ರಯೋಗಿಸಿ, ಹೊರಡುವ ಮುನ್ನ ಸ್ನಾನ ಮಾಡಿ.

ಬೀದಿಯಲ್ಲಿ ಹಸಿರು ಎಲೆಯ ಚಿತ್ರದ ಗಾಂಜಾ ಅಂಗಡಿಗಳು ಕಾಣುತ್ತವೆ. ಅಲ್ಲಿನ ಕಾನೂನು ಏನೇ ಇರಲಿ, ಬೆಂಗಳೂರಿನಲ್ಲಿ ಇಳಿದ ಮೇಲೆ ಅದು ಜೈಲು. ಬ್ಯಾಂಕಾಕ್‌ನಿಂದ ಬಂದ ಹೈಡ್ರೋ (ಮಣ್ಣಿಲ್ಲದೆ ಬೆಳೆದ) ಗಾಂಜಾ ದೇವನಹಳ್ಳಿಯಲ್ಲಿ ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತೇವೆ. ಹಾಸ್ಟೆಲ್‌ನಲ್ಲಿ ಪರಿಚಯವಾದ ಊರಿನ ಹುಡುಗ 'ಅಣ್ಣಾ, ಈ ಚಾಕೊಲೇಟ್ ಪ್ಯಾಕೆಟ್ ಸ್ವಲ್ಪ ಮನೆಗೆ ತಲುಪಿಸ್ತೀರಾ' ಎಂದರೆ, ಕನ್ನಡದಲ್ಲೇ ಕೇಳಿದರೂ, ಬೇಡ.

ಉಳಿದ ಬಾತ್ ನೋಟುಗಳನ್ನು ಹಣ ಕೊಂಡ ಅದೇ ಕೆಳಮಹಡಿಯ ಕೌಂಟರಿನಲ್ಲಿ ಬದಲಿಸಿ. ನಾಣ್ಯ ಅವರು ತೆಗೆದುಕೊಳ್ಳುವುದಿಲ್ಲ, ಅದನ್ನು ನೀರಿನ ಬಾಟಲಿಗೆ ಮುಗಿಸಿ. ಆದರೆ ಭದ್ರತಾ ತಪಾಸಣೆಗೆ ಮುಂಚೆ ಕುಡಿದುಬಿಡಿ.